ಬೇಡ ಎನ್ನಲು ಮೂವತ್ತು ದಿನ

ಪಾಂಡವಪುರ
3 ಮಾರ್ಚ್ 2025

ಮೌನೇಶಣ್ಣನವರಿಗೆ ಪ್ರಮೀಳಾ ಮಾಡುವ ನಮಸ್ಕಾರಗಳು.

ಯಾವ ಪ್ರಮೀಳಾ ಎಂದು ಕೇಳುವಷ್ಟು ಮರೆತಿರಲಾರಿರಿ. ನಿಮ್ಮ ಸ್ನೇಹಿತ ಶಿವಶಂಕರ್ ಅವರ ಹೆಂಡತಿ. ನಿಮಗೆ ಫೋನ್ ಮಾಡಿ ನೋಡಿದೆ. ಈ ಮನೆಯ ಯಾವ ನಂಬರಿನಿಂದ ಮಾಡಿದರೂ ಹೋಗುವುದಿಲ್ಲ. ಮೂರು ವರ್ಷದ ಹಿಂದೆ ಬ್ಲಾಕ್ ಮಾಡಿದ್ದನ್ನು ನೀವು ಇನ್ನೂ ತೆಗೆದಿಲ್ಲ. ಅದಕ್ಕೇ ನಿಮ್ಮ ಮೊಬೈಲ್ ಅಂಗಡಿಯ ಹಳೇ ಬಿಲ್ಲು ಹುಡುಕಿ, ಅದರಲ್ಲಿದ್ದ ನಾಗಮಂಗಲದ ವಿಳಾಸಕ್ಕೆ ಬರೆಯುತ್ತಿದ್ದೇನೆ.

ಹೋದ ಸೆಪ್ಟೆಂಬರಿನಲ್ಲಿ ನಡೆದದ್ದು ನಿಮ್ಮ ಕಿವಿಗೆ ಬಿದ್ದಿದೆಯೋ ಇಲ್ಲವೋ. ಗದ್ದೆಗೆ ನೀರು ಬಂತೇ ನೋಡಿಬರುತ್ತೇನೆ ಎಂದು ನಮ್ಮವರು ಮಧ್ಯಾಹ್ನ ಊಟ ಮಾಡಿ ಬೈಕಿನಲ್ಲಿ ಹೋದರು. ಫೋನನ್ನು ಚಾರ್ಜಿಗೆ ಹಾಕಿ ಮನೆಯಲ್ಲೇ ಬಿಟ್ಟಿದ್ದರು. ಎರಡು ದಿನದ ಮೇಲೆ ಬೈಕು ನಾಲೆಯಲ್ಲಿ ಸಿಕ್ಕಿತು, ಅವರು ಸಿಗಲಿಲ್ಲ. ನಾಲೆಯುದ್ದಕ್ಕೂ ಒಂದು ವಾರ ಹುಡುಕಿದರು. ಪೊಲೀಸರು ಕಾಣೆಯಾದವರು ಎಂದು ಬರೆದುಕೊಂಡರು. ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ನೋಡಿದೆ ಎಂದ ಒಬ್ಬ, ಅರಕೆರೆಯ ಹೋಟೆಲಿನಲ್ಲಿ ಎಂದ ಇನ್ನೊಬ್ಬ. ಎರಡೂ ಕಡೆ ಹೋಗಿಬಂದೆ. ಆರು ತಿಂಗಳಾಯಿತು. ನೆರೆಹೊರೆಯವರು ಅರಿಶಿನ ಕುಂಕುಮಕ್ಕೆ ನನ್ನನ್ನು ಕರೆಯುವುದೋ ಬಿಡುವುದೋ ತಿಳಿಯದೆ, ನಾನು ಎದುರಾದರೆ ಬೇರೆ ದಾರಿ ಹಿಡಿಯುತ್ತಾರೆ.

ಅಳುವುದಕ್ಕೆಂದು ಈ ಪತ್ರ ಬರೆದಿಲ್ಲ. ಒಂದು ಸಹಾಯ ಬೇಕು. ಮನೆಯ ಪಾಸ್‌ವರ್ಡುಗಳೆಲ್ಲ ಅವರ ಕೈಯಲ್ಲಿದ್ದವು. ಕರೆಂಟು, ಗ್ಯಾಸು, ಮಗಳು ಯಶಸ್ವಿನಿಯ ಸ್ಕಾಲರ್‌ಶಿಪ್ಪು, ಅವಳು ಹುಟ್ಟಿದಾಗಿನಿಂದ ತೆಗೆದ ಫೋಟೋಗಳು, ಎಲ್ಲವೂ. ಪಾಸ್‌ವರ್ಡ್ ಮ್ಯಾನೇಜರ್ ಎಂಬ ಆ್ಯಪಿನಲ್ಲಿ ತುಂಬಿಟ್ಟಿದ್ದೇನೆ ಎನ್ನುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ಹಗೇವು. ಹಿಂದಿನವರು ನೆಲದೊಳಗೆ ಗುಂಡಿ ತೋಡಿ ರಾಗಿ ತುಂಬಿ ಬಾಯಿ ಮುಚ್ಚುತ್ತಿದ್ದರಲ್ಲ, ಹಾಗೆ. ಅದರ ಬಾಯಿ ತೆಗೆಯುವ ಒಂದು ಉದ್ದನೆಯ ವಾಕ್ಯ ಅವರ ತಲೆಯಲ್ಲಿತ್ತು, ಇನ್ನೆಲ್ಲೂ ಇರಲಿಲ್ಲ.

ಈಗ ನಾನೇ ಎಲ್ಲವನ್ನೂ ಹೊಸದಾಗಿ ಮಾಡಿಕೊಂಡಿದ್ದೇನೆ. ಎಲ್ಲದಕ್ಕೂ ಒಂದೇ ಪಾಸ್‌ವರ್ಡು, ಮಗಳ ಹೆಸರಿನ ಮುಂದೆ 123. ಹೋದ ತಿಂಗಳು ಯಾರೋ ನನ್ನ ಮೇಲ್ ಒಳಗೆ ನುಗ್ಗಿ, ನಾನು ಕೆಲಸ ಮಾಡುವ ಹಾಲಿನ ಡೇರಿಯವರಿಗೆಲ್ಲ ಹೊಲಸು ಮೆಸೇಜು ಕಳಿಸಿದರು. ಗಂಡ ಇಲ್ಲದವಳ ಹೆಸರಿನಲ್ಲಿ ಅಂಥದ್ದು ಹೋದರೆ ಜನ ಏನೆನ್ನುತ್ತಾರೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನನಗೂ ಒಂದು ಹಗೇವು ಬೇಕು. ಒಬ್ಬರು ಈ ಆ್ಯಪು ಎನ್ನುತ್ತಾರೆ, ಇನ್ನೊಬ್ಬರು ವಾಟ್ಸಾಪಿನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ ಎನ್ನುತ್ತಾರೆ. ಯಾವುದನ್ನು ನಂಬಲಿ? ಈ ವಿಷಯದಲ್ಲಿ ಅವರು ಕೇಳುತ್ತಿದ್ದದ್ದು ನಿಮ್ಮ ಮಾತೊಂದನ್ನೇ.

ಇಂತಿ,
ಪ್ರಮೀಳಾ

ನಾಗಮಂಗಲ
12 ಮಾರ್ಚ್ 2025

ತಂಗಿ ಪ್ರಮೀಳಾಗೆ,

ನಿನ್ನ ಪತ್ರ ಬಂದು ಐದು ದಿನವಾಯಿತು. ಕೇಳಿದ್ದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಮಿಕ್ಕದ್ದು ಆಮೇಲೆ.

ವಾಟ್ಸಾಪಿನಲ್ಲಿ ಇಡು ಎಂದವರ ಮಾತು ಇನ್ನೊಮ್ಮೆ ಕೇಳಬೇಡ. ನಮ್ಮಪ್ಪ ಚಿನ್ನದ ಕೆಲಸ ಮಾಡುತ್ತಿದ್ದದ್ದು ನಿನಗೆ ಗೊತ್ತು. ಗಿರಾಕಿಯನ್ನು ಎದುರಿಗೆ ಕೂರಿಸಿಕೊಳ್ಳದೆ ಅವರು ಹಳೇ ಒಡವೆ ಕರಗಿಸುತ್ತಿರಲಿಲ್ಲ. ಗಿರಾಕಿ ಬೀಡಿ ಸೇದಲು ಎದ್ದರೆ ಇವರೂ ಊದುವ ಕೊಳವೆ ಕೆಳಗಿಟ್ಟು ಸುಮ್ಮನೆ ಕೂರುತ್ತಿದ್ದರು. ಆ್ಯಪನ್ನೂ ಹಾಗೆಯೇ ನೋಡು. ಅದನ್ನು ಹೇಗೆ ಕಟ್ಟಿದ್ದೇವೆ ಎಂದು ಬಲ್ಲವರ ಕಣ್ಣೆದುರು ತೆರೆದಿಟ್ಟವರನ್ನು ನಂಬು, ಎಲ್ಲ ಗುಟ್ಟು ಎನ್ನುವವರನ್ನು ಬಿಡು. ಪೂರ್ತಿ ಪುಕ್ಕಟೆ ಎಂದರೆ ಇವರ ಹೊಟ್ಟೆ ಹೇಗೆ ತುಂಬುತ್ತದೆ ಎಂದು ಕೇಳು. ಎಂದಾದರೂ ಕಳ್ಳರು ನುಗ್ಗಿದ್ದರೆ ಅದನ್ನು ತಾವಾಗಿ ಹೇಳಿಕೊಂಡರೋ, ಬೇರೆಯವರು ಹಿಡಿದ ಮೇಲೆ ಒಪ್ಪಿಕೊಂಡರೋ ನೋಡು. ನಾಳೆ ಬೇಡವೆನಿಸಿದರೆ ನಿನ್ನ ಸಾಮಾನೆಲ್ಲ ಎತ್ತಿಕೊಂಡು ಹೊರಡಲು ಬಿಡಬೇಕು. ಬೀಗದ ವಾಕ್ಯ ಮರೆತರೆ ನಾವು ಹುಡುಕಿಕೊಡುತ್ತೇವೆ ಎನ್ನುವವರ ಹತ್ತಿರ ಸುಳಿಯಬೇಡ. ಹುಡುಕಿಕೊಡಬಲ್ಲವರು ಒಳಗೆ ನೋಡಲೂ ಬಲ್ಲರು. ವಾಕ್ಯ ಉದ್ದವಿರಲಿ, ದೇವರ ಹೆಸರು ಮಗಳ ಹೆಸರು ಬೇಡ. ಒಂದು ಕಾಗದದಲ್ಲಿ ಬರೆದು ಬೀರುವಿನಲ್ಲಿ ಸೀರೆ ಮಡಿಕೆಯೊಳಗೆ ಇಡು. ಪಾಂಡವಪುರದ ಬೀರುವಿಗೆ ಚೀನಾದ ಕಳ್ಳ ಬರುವುದಿಲ್ಲ. ನಾನು ಬಳಸುವ ಆ್ಯಪಿನ ಹೆಸರನ್ನು ಚೀಟಿಯಲ್ಲಿ ಬರೆದು ಲಕೋಟೆಯಲ್ಲಿಟ್ಟಿದ್ದೇನೆ. ಶಿವ ಬಳಸುತ್ತಿದ್ದದ್ದೂ ಅದೇ. ಇಬ್ಬರೂ ನನ್ನ ಅಂಗಡಿಯಲ್ಲಿ ಕೂತು ಒಂದು ಭಾನುವಾರವಿಡೀ ಹುಡುಕಿ ಆರಿಸಿದ್ದು.

ಇನ್ನು ಮಿಕ್ಕದ್ದು. ನನಗೆ ವಿಷಯ ಗೊತ್ತಿತ್ತು. ಬೈಕು ಸಿಕ್ಕ ಮಾರನೇ ದಿನ ನಾನು ಬಂದಿದ್ದೆ. ನೀನು, ನಿನ್ನ ಅತ್ತೆ ಈಚೆ ದಡದಲ್ಲಿ ಕೂತಿದ್ದಿರಿ. ಆಚೆ ದಡದ ಜನದ ನಡುವೆ ನಿಂತಿದ್ದು ಸಂಜೆಯ ಬಸ್ಸಿಗೆ ವಾಪಸು ಬಂದೆ. ಸೇತುವೆ ದಾಟಲು ಕಾಲು ಬರಲಿಲ್ಲ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಆ ಆ್ಯಪಿನಲ್ಲಿ, ನನಗೇನಾದರೂ ಆದರೆ ಇವರಿಗೆ ತೆರೆದುಕೊಡಿ ಎಂದು ಒಬ್ಬರ ಹೆಸರು ಕೊಡಬಹುದು. ಅವತ್ತು ಅವನು ನನ್ನ ಹೆಸರು ಹಾಕಿದ, ನಾನು ಅವನದು. ಜಗಳವಾದ ದಿನವೇ ನಾನು ಅವನ ಹೆಸರು ಅಳಿಸಿದೆ. ಅವನೂ ನನ್ನದನ್ನು ಅಳಿಸಿರುತ್ತಾನೆ. ನಾನು ನೋಡಲು ಹೋಗಿಲ್ಲ.

ಇಂತಿ,
ಮೌನೇಶ್

ಪಾಂಡವಪುರ
24 ಮಾರ್ಚ್ 2025

ಮೌನೇಶಣ್ಣ,

ನೀವು ಬರೆದುಕೊಟ್ಟ ಆ್ಯಪು ಹಾಕಿಕೊಂಡೆ. ವಾಕ್ಯ ಕಾಗದದಲ್ಲಿದೆ, ಕಾಗದ ಮದುವೆ ಸೀರೆಯಲ್ಲಿದೆ. ಡೇರಿಯ ಸುನಿತಾಗೂ ಹಾಕಿಕೊಟ್ಟೆ.

ನೀವು ಆಚೆ ದಡದಲ್ಲಿ ನಿಂತಿದ್ದಿರಿ ಎಂದು ಓದಿ ತುಂಬ ಹೊತ್ತು ಅತ್ತುಬಿಟ್ಟೆ. ಸೇತುವೆ ದಾಟಿ ಬಂದಿದ್ದರೆ ಅತ್ತೆ ಪುಟ್ಟತಾಯಮ್ಮನವರು ಏನೆನ್ನುತ್ತಿದ್ದರೋ ನನಗೂ ತಿಳಿಯದು. ಅವರ ಚಿನ್ನದ ಗುಂಡಿನ ಸರದ ವಿಷಯ ನಾನು ಮರೆತಿಲ್ಲ. ಹಳೇ ಸರವನ್ನು ಹೊಸದಾಗಿ ಮಾಡಿಸಲು ನಿಮ್ಮಪ್ಪನ ಕೈಗೆ ಕೊಟ್ಟದ್ದು ನಮ್ಮವರು. ಸ್ನೇಹಿತನ ಮನೆಯ ಒಡವೆ, ಎದುರಿಗೆ ಕೂರುವುದೇನು ಎಂದು ಆ ಒಂದು ಸಲ ನಿಮ್ಮಪ್ಪ ಒಬ್ಬರೇ ಕರಗಿಸಿದರು. ಸರ ಮನೆಗೆ ಬಂದಾಗ ಎರಡು ಗುಂಡಿನಷ್ಟು ಕಡಿಮೆ ಇದೆ, ಆಚಾರಿ ನುಂಗಿದ ಎಂದು ಅತ್ತೆ ಬೀದಿಗೆ ಕೇಳುವ ಹಾಗೆ ಅಂದರು. ನೀವು ಬಾಗಿಲಲ್ಲೇ ನಿಂತಿದ್ದಿರಿ. ನಮ್ಮವರು ತಲೆ ತಗ್ಗಿಸಿ ಸುಮ್ಮನಿದ್ದರು. ಆ ಸುಮ್ಮನಿದ್ದದ್ದಕ್ಕೆ ಅವರು ಆಮೇಲೆ ಎಷ್ಟು ದಿನ ಊಟ ಬಿಟ್ಟರೆಂದು ನಿಮಗೆ ಗೊತ್ತಿಲ್ಲ.

ಈಗ ಮನೆಯಲ್ಲಿ ಇನ್ನೊಂದು ಜಗಳ. ಅತ್ತೆಯ ತಮ್ಮ ಚೌಡಯ್ಯ ಮಾವ ವಾರಕ್ಕೊಮ್ಮೆ ಬಂದು, ವರ್ಷ ತುಂಬುವುದರೊಳಗೆ ಹೆಣದ ಬದಲು ಹುಲ್ಲಿನ ಬೊಂಬೆ ಸುಟ್ಟು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಕರ್ಮ ಮುಗಿಸೋಣ ಎನ್ನುತ್ತಾರೆ. "ಎಣ ನೋಡ್ದೆ ನನ್ ಮಗನ್ನ ಸಾಯಿಸ್ಬುಟ್ಯೇನ್ಲಾ?" ಎಂದು ಅತ್ತೆ ಎದ್ದುಹೋಗುತ್ತಾರೆ. ನಮ್ಮವರ ಫೋನು ಅತ್ತೆಯ ಮಡಿಲಿನಲ್ಲೇ ಇರುತ್ತದೆ. ಚಾರ್ಜು ಮಾಡುತ್ತಾರೆ, ನಂಬರು ಸಾಯದ ಹಾಗೆ ರೀಚಾರ್ಜು ಮಾಡಿಸುತ್ತಾರೆ. ಮಾವ ನನ್ನ ಮುಖ ನೋಡುತ್ತಾರೆ, ಅತ್ತೆಯೂ ನನ್ನ ಮುಖ ನೋಡುತ್ತಾರೆ. ನಾನು ಯಾರ ಕಡೆ ಹೇಳಲಿ? ಅವರು ಇದ್ದಾರೋ ಇಲ್ಲವೋ ಎಂದು ತಿಳಿದರೆ ಸಾಕು, ಇನ್ನೇನೂ ಬೇಡ ಅನ್ನಿಸುತ್ತದೆ.

ನಿಮ್ಮ ಹೆಸರು ಅವರ ಹಗೇವಿನಲ್ಲಿದೆಯೋ ಇಲ್ಲವೋ, ಒಂದು ಸಲ ನೋಡಿ.

ಪ್ರಮೀಳಾ

ನಾಗಮಂಗಲ
2 ಏಪ್ರಿಲ್ 2025

ತಂಗಿ ಪ್ರಮೀಳಾ,

ನೋಡಿದೆ. ನನ್ನ ಹೆಸರು ಇದೆ.

ಮೂರು ವರ್ಷ ಅವನು ಅಳಿಸಿಲ್ಲ. ಗಿರಾಕಿಗಳು ನಿಂತಿದ್ದರು, ಅಂಗಡಿಯ ಶಟರ್ ಎಳೆದು ಮನೆಗೆ ಬಂದುಬಿಟ್ಟೆ. ಕೆ.ಆರ್. ಪೇಟೆಯಲ್ಲಿ ಡಿಪ್ಲೊಮಾ ಓದುವಾಗ ಒಂದೇ ತಟ್ಟೆಯಲ್ಲಿ ಉಂಡವನನ್ನು ಒಂದು ದಿನದ ಮೌನಕ್ಕೆ ಬಿಟ್ಟುಬಿಟ್ಟೆ. ನನ್ನಂಥ ಮುಠ್ಠಾಳ ಇನ್ನೊಬ್ಬನಿಲ್ಲ.

ಈಗ ಹೇಳುವುದನ್ನು ನಿಧಾನವಾಗಿ ಓದು. ತೆರೆಯಿರಿ ಎಂದು ನಾನು ಕೇಳಿದರೆ ಅದು ತಕ್ಷಣ ತೆರೆಯುವುದಿಲ್ಲ. ಇಂಥವರು ಕೇಳುತ್ತಿದ್ದಾರೆ ಎಂದು ಶಿವನ ಮೇಲ್‌ಗೆ ಒಂದು ಪತ್ರ ಹೋಗುತ್ತದೆ. ನಡುವೆ ಇನ್ನೊಂದು ಸಲ ನೆನಪಿಸುತ್ತಾರೆ. ಮೂವತ್ತು ದಿನದೊಳಗೆ ಅವನು ಬೇಡ ಎಂದು ಒತ್ತಿದರೆ ಮುಗಿಯಿತು, ಬಾಯಿ ಮುಚ್ಚಿಕೊಳ್ಳುತ್ತದೆ. ಏನೂ ಒತ್ತದಿದ್ದರೆ ಮೂವತ್ತನೇ ದಿನ ನನಗೆ ತೆರೆದುಕೊಳ್ಳುತ್ತದೆ. ಫೋನು ನಿಮ್ಮ ಮನೆಯಲ್ಲಿದ್ದರೂ ಮೇಲ್ ಅನ್ನು ಯಾವ ಊರಿನ ಯಾವ ಸೆಂಟರಿನಲ್ಲಿ ಕೂತಾದರೂ ನೋಡಬಹುದು. ಅವನು ಎಲ್ಲಾದರೂ ಇದ್ದರೆ, ಇದು ಕಣ್ಣಿಗೆ ಬಿದ್ದರೆ, ನಾನು ಒಳಗೆ ಕೈ ಹಾಕುವುದನ್ನು ನೋಡಿ ಸುಮ್ಮನಿರುವುದಿಲ್ಲ. ಬೇಡ ಎಂದು ಬಂದರೆ ಇದ್ದಾನೆ ಎಂದು ಅರ್ಥ. ಬಾರದಿದ್ದರೆ ಏನೆಂದು ನಾನು ಬರೆಯಲಾರೆ.

ನಿನ್ನ ಒಪ್ಪಿಗೆಯಿಲ್ಲದೆ ಕೇಳುವುದಿಲ್ಲ.

ಮೌನೇಶ್

ಪಾಂಡವಪುರ
9 ಏಪ್ರಿಲ್ 2025

ಮೌನೇಶಣ್ಣ,

ಕೇಳಿ.

ನಿಮ್ಮ ಪತ್ರವನ್ನು ಡೇರಿಯಲ್ಲಿ ಓದಿದೆ. ಕ್ಯಾನುಗಳ ಲೆಕ್ಕ ತಪ್ಪಿ ಸುನಿತಾ ಕೈಲಿ ಬೈಸಿಕೊಂಡೆ. ಬೇಡ ಎಂದು ಬಂದರೆ ಅವರು ನಮ್ಮನ್ನು ಬಿಟ್ಟುಹೋದರು ಎಂದಾಗುತ್ತದೆ. ಬಾರದಿದ್ದರೆ ಸತ್ತರು ಎಂದಾಗುತ್ತದೆ. ಎರಡರಲ್ಲಿ ಯಾವುದು ಬೇಕು ಎಂದು ನನ್ನನ್ನು ನಾನೇ ಕೇಳಿಕೊಂಡೆ. ಬಿಟ್ಟುಹೋಗಿರಲಿ, ಇನ್ನೊಂದು ಸಂಸಾರವೇ ಇರಲಿ, ಇದ್ದರೆ ಸಾಕು. ನನಗೂ ಒಂದಿಷ್ಟು ಮಾನ ಇದೆ ಅಂದುಕೊಂಡಿದ್ದೆ. ಇಷ್ಟೇ ಇರುವುದು.

ಮೂವತ್ತು ದಿನ ಆದಮೇಲೆ ಏನು ಬಂದರೂ ಅದೇ ನನ್ನ ತೀರ್ಮಾನ. ಚೌಡಯ್ಯ ಮಾವನಿಗೂ ಅದನ್ನೇ ಹೇಳುತ್ತೇನೆ. ಅತ್ತೆಗೆ ಮಾತ್ರ ಈಗ ಏನೂ ಹೇಳುವುದಿಲ್ಲ. ಆ ಜೀವ ಮೂವತ್ತು ದಿನ ತಡೆಯುವುದಿಲ್ಲ.

ಪ್ರಮೀಳಾ

ಪಾಂಡವಪುರ ಬಸ್ ಸ್ಟ್ಯಾಂಡು
28 ಏಪ್ರಿಲ್ 2025, ಬೆಳಗ್ಗೆ

ಪ್ರಮೀಳಾ,

ಹನ್ನೆರಡನೇ ತಾರೀಕು ಕೇಳಿದ್ದೆ. ಇವತ್ತು ಬೆಳಗ್ಗೆ ಉತ್ತರ ಬಂತು. ಬೇಡ ಎಂದು ಬಂತು!

ಬೇಡ ಎಂದಿದ್ದಾನೆ, ತಂಗಿ. ಅವನಿದ್ದಾನೆ. ನಾಲ್ಕು ಸಲ ಓದಿದೆ, ಪಕ್ಕದ ಬೇಕರಿಯವನಿಂದಲೂ ಓದಿಸಿದೆ. ನಾಗಮಂಗಲದಿಂದ ಸಿಕ್ಕ ಬಸ್ಸು ಹತ್ತಿ ಬಂದೆ, ನಿಂತುಕೊಂಡೇ ಬಂದೆ, ಕೂರಲು ಆಗಲಿಲ್ಲ. ನಿಮ್ಮ ಬೀದಿಯ ತುದಿಯವರೆಗೂ ಬಂದು ಹಿಂದೆ ತಿರುಗಿದೆ. ಆ ಬಾಗಿಲು ತುಳಿಯುವುದಿಲ್ಲ ಎಂದು ನಮ್ಮಪ್ಪನಿಗೆ ಮಾತು ಕೊಟ್ಟಿದ್ದೇನೆ. ಅವರು ಅದೇ ಕೊರಗಿನಲ್ಲಿ ಹೋದವರು. ಡೇರಿಗೆ ಹೋದರೆ ನೀನಿನ್ನೂ ಬಂದಿರಲಿಲ್ಲ, ಅಂಗಡಿ ತೆರೆದೇ ಬಿಟ್ಟು ಬಂದಿದ್ದೇನೆ, ಅದಕ್ಕೇ ಈ ಚೀಟಿಯನ್ನು ಅಲ್ಲಿ ಸುನಿತಾ ಕೈಗೆ ಕೊಟ್ಟು ಹೋಗುತ್ತಿದ್ದೇನೆ. ಎಲ್ಲಿಂದ ಒತ್ತಿದ ಎಂದು ಪೊಲೀಸಿನವರು ಪತ್ತೆ ಹಚ್ಚಬಹುದು. ನಾಳೆ ನಾನೇ ಬಂದು ಸ್ಟೇಷನ್ನಿನ ಹತ್ತಿರ ನಿಲ್ಲುತ್ತೇನೆ.

ಬಂದರೆ ಮೊದಲು ಅವನ ಕೆನ್ನೆಗೆ ಎರಡು ಬಿಡುತ್ತೇನೆ. ಆಮೇಲೆ ನಿನಗೆ ಒಪ್ಪಿಸುತ್ತೇನೆ.

ಮೌನೇಶ

ಪಾಂಡವಪುರ
29 ಏಪ್ರಿಲ್ 2025

ಮೌನೇಶಣ್ಣ,

ಸ್ಟೇಷನ್ನಿನ ಹತ್ತಿರ ನಾನು ಬರಲಿಲ್ಲ, ಕಾಯಬೇಡಿ ಎಂದಷ್ಟೇ ಸುನಿತಾ ಕೈಲಿ ಹೇಳಿ ಕಳಿಸಿದೆ. ಯಾಕೆಂದು ಎದುರಿಗೆ ಹೇಳಲು ಬಾಯಿ ಬರಲಿಲ್ಲ.

ನಿನ್ನೆ ಚೀಟಿ ಓದಿ ಹಾಲಿನ ಕ್ಯಾನು ಅಲ್ಲೇ ಬಿಟ್ಟು ಮನೆಗೆ ಓಡಿದೆ. ದಾರಿಯಲ್ಲಿ ಒಬ್ಬಳೇ ನಗುತ್ತಿದ್ದೆನಂತೆ, ನೋಡಿದವರು ಹೇಳಿದರು. ಅತ್ತೆ ಜಗಲಿಯಲ್ಲಿ ಅಲಸಂದೆಕಾಯಿ ಬಿಡಿಸುತ್ತಿದ್ದರು. ಅವರ ಕಾಲು ಹಿಡಿದುಕೊಂಡು, ಅವರಿದ್ದಾರೆ ಅತ್ತೆ, ಫೋನಿನಲ್ಲಿ ಬೇಡ ಎಂದು ಒತ್ತಿದ್ದಾರೆ ಎಂದೆ.

ಅತ್ತೆ ಕಾಯಿ ಬಿಡಿಸುವುದನ್ನು ನಿಲ್ಲಿಸಿದರು.

"ಯಾವಾಗವ್ವ ಒತ್ತಿದ್ದು?"

"ಇವತ್ತು ಬೆಳಿಗ್ಗೆ."

"ಅಯ್ಯೋ ನನ್ ಮಗಳೇ, ಅದು ನಾನು ಕಣವ್ವ."

ನನಗೆ ಅರ್ಥವಾಗಲಿಲ್ಲ. ಅತ್ತೆ ಮಡಿಲಿನಿಂದ ನಮ್ಮವರ ಫೋನು ತೆಗೆದು ನನ್ನ ಕೈಗಿಟ್ಟರು. "ಟೀ ಕುಡಿದ್ಬುಟ್ಟು ಅವನ ಫೋಟೋ ನೋಡ್ತಾ ಕುಂತಿದ್ದೆ. ಟಿಣ್ ಅಂತು. ಇಂಗ್ಲೀಸು ನಂಗೆಲ್ಲಿ ಬತ್ತದೆ? ಒಂದು ಅಸಿರು, ಒಂದು ಕೆಂಪು ಇತ್ತು. ನನ್ನ ಪಿಂಚಣಿ ದುಡ್ಡು ಕೇಳ್ಕೊಂಡು ಆ ಕಳ್ಳರು ಫೋನ್ ಮಾಡ್ತಿದ್ರಲ್ಲ, ಆವಾಗ ಅವ್ನೇ ಯೋಳ್ಕೊಟ್ಟಿದ್ದ. ಅವ್ವ, ಫೋನಲ್ಲಿ ಯಾರೇ ಏನೇ ಕೇಳ್ಲಿ, ಕೆಂಪು ಕಂಡ್ರೆ ಕೆಂಪೇ ಒತ್ಬುಡು ಅಂತ. ಅವನ್ದು ಯಾರೋ ಕದಿಯಾಕೆ ಬಂದವ್ರೆ ಅಂದ್ಕಂಡು ಒತ್ಬುಟ್ಟೆ."

ಅತ್ತೆಗೆ ಮುಂಚೆಯೇ ಹೇಳದೆ ಇದ್ದದ್ದು ನಾನು. ತಪ್ಪು ನನ್ನದೇ. ಡೇರಿಯಿಂದ ಮನೆಯ ಜಗಲಿಯವರೆಗೆ, ಅಷ್ಟು ಹೊತ್ತು ನನಗೆ ಗಂಡ ಇದ್ದರು.

ಯಾರು ಕೇಳಿದ್ದು ಎಂದರು ಅತ್ತೆ. ನಿಮ್ಮ ಹೆಸರು ಹೇಳಿದೆ. ಆಮೇಲೆ ಅವರು ಊಟ ಮುಟ್ಟಿಲ್ಲ, ನಿನ್ನೆಯಿಂದ ನೀರೂ ಕುಡಿದಿಲ್ಲ.

ಪ್ರಮೀಳಾ

ನಾಗಮಂಗಲ
10 ಮೇ 2025

ತಂಗಿ ಪ್ರಮೀಳಾ,

ಏನು ಬರೆಯಲಿ ಎಂದು ಹತ್ತು ದಿನ ಕಾಗದ ಮುಂದಿಟ್ಟುಕೊಂಡಿದ್ದೆ. ಗೊತ್ತಿರುವವನ ಹಾಗೆ ನಿನಗೆ ಆಸೆ ಹುಟ್ಟಿಸಿದವನು ನಾನು. ಆ ಫೋನು ಯಾರ ಮಡಿಲಲ್ಲಿದೆ ಎಂದು ನೀನು ಬರೆದಿದ್ದರೂ ಯೋಚಿಸಲಿಲ್ಲ. ಅಂಗಡಿಯಲ್ಲಿ ದಿನಕ್ಕೆ ಹತ್ತು ಜನಕ್ಕೆ ಬುದ್ಧಿ ಹೇಳುತ್ತೇನೆ.

ನಿನ್ನ ಅತ್ತೆಗೆ ಊಟ ಮಾಡಲು ಹೇಳು. ಅವರ ಮೇಲೆ ನನಗಿದ್ದ ಸಿಟ್ಟು ಹೋಯಿತು. ಮಗ ಹೇಳಿಕೊಟ್ಟ ಮಾತನ್ನು ಅವನಿಲ್ಲದಾಗಲೂ ತಪ್ಪದೆ ನಡೆಸಿದ್ದಾರೆ. ನಾನು ಅಷ್ಟೂ ಮಾಡಲಿಲ್ಲ.

ಇನ್ನೊಮ್ಮೆ ಕೇಳುವುದಿಲ್ಲ. ಹಗೇವು ಮುಚ್ಚಿಕೊಂಡೇ ಇರಲಿ.

ಮೌನೇಶ್

ಪಾಂಡವಪುರ
18 ಮೇ 2025

(ಮೌನೇಶ್ ಮಾಮನಿಗೆ ಯಶಸ್ವಿನಿಯ ನಮಸ್ಕಾರ. ಇದು ಅಜ್ಜಿಯ ಪತ್ರ. ಅಜ್ಜಿ ಹೇಳಿದ ಹಾಗೆಯೇ ಬರೆದಿದ್ದೇನೆ. ತಿದ್ದಲು ಹೋದರೆ ಬೈಯುತ್ತಾರೆ.)

ಮೌನೇಶ, ನಾನು ಪುಟ್ಟತಾಯಮ್ಮ.

ಸರದ ಮಾತು ಯೋಳ್ಬುಡ್ತೀನಿ ಮೊದ್ಲು. ನಿಮ್ಮಪ್ಪ ಏನೂ ತಗಂಡಿರ್ಲಿಲ್ಲ ಕಣಪ್ಪ. ಎರಡು ಗುಂಡ ನಾನೇ ಬಿಚ್ಚಿ ನನ್ನ ಮಗಳ ಬಾಣಂತನದಲ್ಲಿ ಅವಳ ಕೂಸಿಗೆ ಕೊಟ್ಟಿದ್ದೆ, ಯಾರ್ಗೂ ಯೋಳ್ದಂಗೆ. ಅದು ಮರ್ತೋಗಿತ್ತು ನಂಗೆ. ನೀನು ಬಾಗ್ಲಿಂದ ಓದ ಮೇಲೆ ಸಂಜೇಗೇ ನೆಪ್ಪಾಯ್ತು. ಬೀದಿಲಿ ಅಂದ್ಬುಟ್ಟಿದ್ದೆ, ವಾಪಸು ತಗಳಾಕೆ ಬಾಯಿ ಬರ್ನಿಲ್ಲ. ಶಿವನ್ಗೆ ಒಬ್ಬನ್ಗೇ ಯೋಳ್ದೆ. ಅವನು ನನ್ನ ಮಾನ ಕಾಯಾಕೆ ಯಾರ ತಾವೂ ಅನ್ನಿಲ್ಲ, ನಿನ್ನ ತಾವೂ ಬರ್ನಿಲ್ಲ. ನಿಮ್ಮಪ್ಪ ಅದೇ ಕೊರಗಲ್ಲಿ ತೀರ್ಕಂಡ್ರು ಅಂತ ನೀನು ಬರೆದ ಚೀಟಿ ಇವಳ ಕೈಲಿ ಓದುಸ್ದೆ. ನಂಗೆ ಎಂಥಾ ಸಾವು ಬಂದ್ರೂ ಬರ್ಲಿ, ನಾನು ಬ್ಯಾಡ ಅನ್ನಾಕಿಲ್ಲ.

ನನ್ ಸೊಸೆ ರಾತ್ರಿ ಅಗಲು ಬಾಗ್ಲ ಕಡೆ ನೋಡ್ತಾ ಕುಂತವ್ಳೆ. ಇಂಗೆ ಆಗಾಕಿಲ್ಲ. ನೀನು ಇನ್ನೊಂದು ಸಲ ಕೇಳು. ಈ ಸಲ ನಾನು ಒತ್ತಾಕಿಲ್ಲ. ನನ್ನ ಮೊಮ್ಮಗಳ ಮೇಲಾಣೆ.

ಪುಟ್ಟತಾಯಮ್ಮನ ಎಬ್ಬೆಟ್ಟು

ಪಾಂಡವಪುರ
24 ಜೂನ್ 2025

ಮೌನೇಶಣ್ಣ,

ನಿನ್ನೆ ಸಂಜೆ ನಿಮಗೂ ಬಂದಿರಬೇಕು. ಹಗೇವಿನೊಳಗಿರುವುದನ್ನು ಅಂಚೆಯಲ್ಲಿ ಕಳಿಸಬೇಡಿ, ನೀವೇ ಬನ್ನಿ. ಬಾಗಿಲಲ್ಲಿ ನಿಮ್ಮನ್ನು ಕರೆಯಲು ಅತ್ತೆಯೇ ನಿಲ್ಲುತ್ತಾರೆ. ಬೀದಿಯವರೆಲ್ಲ ಇರುವಾಗ ಹೇಳಬೇಕಾದ್ದು ಇದೆ ಎಂದಿದ್ದಾರೆ.

ನೀವು ಮೇ ಇಪ್ಪತ್ತನಾಲ್ಕಕ್ಕೆ ಕೇಳಿದಿರಿ. ಅವತ್ತು ಫೋನಿನಲ್ಲಿ ಬಂದದ್ದನ್ನು ನಾನೇ ಅತ್ತೆಗೆ ಓದಿ ಹೇಳಿದೆ. ನಡುವೆ ಇನ್ನೊಂದು ಬಂದಾಗ ಅವರು ಫೋನನ್ನು ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋದರು. ಕೊನೆಯ ದಿನ ಮಾತ್ರ ಕೊಡಲಿಲ್ಲ. ಬೆಳಗಿನಿಂದ ಜಗಲಿಯಲ್ಲಿ ಕೂತರು. ಫೋನನ್ನು ಮುಂದೆ ಮಣೆಯ ಮೇಲಿಟ್ಟು, ಎರಡು ಕೈಯನ್ನೂ ಸೆರಗಿನಲ್ಲಿ ಸುತ್ತಿಕೊಂಡರು. ಊಟಕ್ಕೆ ಕರೆದರೂ ಏಳಲಿಲ್ಲ. ಯಶಸ್ವಿನಿ ತುತ್ತು ಮಾಡಿ ಬಾಯಿಗಿಟ್ಟಳು.

ಮಧ್ಯಾಹ್ನದ ಮೇಲೆ ಫೋನಿನ ಜೊತೆ ಮಾತಿಗೆ ತೊಡಗಿದರು. "ಒತ್ಲಾ ಮಗ. ಕೆಂಪು ಒತ್ಲಾ. ನಾನು ಒತ್ತಾಕಿಲ್ಲ ಅಂತ ಆಣೆ ಮಾಡಿವ್ನಿ, ನೀನು ಮಾಡಿಲ್ವಲ್ಲ. ಎಲ್ಲಿದ್ದೀಯೋ ಅಲ್ಲಿಂದ್ಲೇ ಒತ್ತು, ಬರಾದು ಬ್ಯಾಡ ಕಣ್ಲಾ, ಒತ್ಬುಡು ಸಾಕು." ನಾನು ಒಳಗೆ ಕಂಬ ಹಿಡಿದುಕೊಂಡು ಕೇಳುತ್ತಿದ್ದೆ. ನಾನೂ ಅದನ್ನೇ ಬೇಡುತ್ತಿದ್ದೆ. ಬಾಯಿ ಬಿಟ್ಟು ಹೇಳುವ ಧೈರ್ಯ ಇರಲಿಲ್ಲ.

ಐದೂವರೆಗೆ ಸದ್ದಾಯಿತು. ಅತ್ತೆ ಫೋನು ಮುಟ್ಟಲಿಲ್ಲ. ನನ್ನನ್ನು ಕೂಗಿದರು. ನಾನು ಬಂದು ನೋಡಿದೆ. ನಿಮಗೆ ತೆರೆದುಕೊಟ್ಟಿದ್ದೇವೆ ಎಂದು ಎರಡು ಸಾಲು ಬಂದಿತ್ತು.

"ಬ್ಯಾಡ ಅಂದ್ನೇನವ್ವ?"

"ಇಲ್ಲ ಅತ್ತೆ."

ಸೆರಗಿನಿಂದ ಕೈ ಬಿಡಿಸಿ ನನ್ನನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡರು. "ನನ್ ಮಗ ಯಾವತ್ತೂ ಯಾರ್ಗೂ ಬ್ಯಾಡ ಅಂದೋನಲ್ಲ ಕಣವ್ವ," ಎಂದರು. ಆಮೇಲೆ ಅತ್ತರು. ಒಂಬತ್ತು ತಿಂಗಳಿನಲ್ಲಿ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

ಕತ್ತಲಾಗುವ ಮುಂಚೆ ನಾನೇ ಚೌಡಯ್ಯ ಮಾವನ ಮನೆಗೆ ಹೋದೆ. ಅವರು ಕೊಟ್ಟಿಗೆಯಲ್ಲಿದ್ದರು. ಪಶ್ಚಿಮವಾಹಿನಿಗೆ ದಿನ ಗೊತ್ತು ಮಾಡಿ ಮಾವ, ನನ್ನ ಗಂಡ ತೀರಿಕೊಂಡಿದ್ದಾರೆ ಎಂದು ಹೇಳಿದೆ.

ಪ್ರಮೀಳಾ